ಹಗುರ ವಿಮಾನದ ಜನರೇಟರ್ ಚಾರ್ಜ್ ಮಾಡುತ್ತಿಲ್ಲವೇ? ಪಾರ್ಟ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಸೆಸ್ನಾ 150, ಸೆಸ್ನಾ 172, ಪೈಪರ್ ಚೆರೋಕಿ. 1960ರ ದಶಕದ ನಡುಭಾಗದವರೆಗೆ ಬಂದ ಇಂಥ ಪುಟ್ಟ ವಿಮಾನಗಳಲ್ಲಿ ಆಲ್ಟರ್ನೇಟರ್ ಇರಲಿಲ್ಲ. ಇದ್ದದ್ದು ಡಿಸಿ ಜನರೇಟರ್. ಅವುಗಳಲ್ಲಿ ಎಷ್ಟೋ ಇವತ್ತಿಗೂ ಹಾರುತ್ತಿವೆ. ಅಂಥದ್ದೊಂದು ಹಳೆ ವಿಮಾನ ಇಟ್ಟುಕೊಂಡವರಿಗೆ, ಕೊಳ್ಳಲು ಯೋಚಿಸುತ್ತಿರುವವರಿಗೆ, ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದುತ್ತಾ ಡಿಸಿ ಜನರೇಟರ್ ಪಾಠದಲ್ಲಿ ತಲೆ ಕೆಡಿಸಿಕೊಂಡಿರುವ ಹುಡುಗ ಹುಡುಗಿಯರಿಗೆ ಈ ಲೇಖನ.

ಆಮೀಟರ್ (ಬ್ಯಾಟರಿಗೆ ಹೋಗಿಬರುವ ಕರೆಂಟ್ ತೋರಿಸುವ ಮೀಟರ್) ಮುಳ್ಳು ಎಡಕ್ಕೆ ವಾಲಿದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ: ಹೊಸ ರೆಗ್ಯುಲೇಟರ್ (ಜನರೇಟರನ್ನು ಹಿಡಿತದಲ್ಲಿಡುವ ಡಬ್ಬಿ) ತರಿಸುವುದು. ಅದು ಹಾಕಿದರೂ ಸರಿಹೋಗಲಿಲ್ಲ ಅಂದರೆ ಜನರೇಟರ್ ಬಿಚ್ಚುತ್ತಾರೆ. ಅದೂ ಆಗಲಿಲ್ಲ ಅಂದರೆ ಬ್ಯಾಟರಿ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಒಂದು ತುಕ್ಕು ಹಿಡಿದ ಅರ್ತ್ ಪಟ್ಟಿಯಲ್ಲಿ. ಈ ವ್ಯವಸ್ಥೆ ತುಂಬಾ ಸರಳ. ಕ್ರಮವಾಗಿ ಅಳೆಯುತ್ತಾ ಹೋದರೆ ಅದೇ ಬಾಯಿಬಿಟ್ಟು ತನ್ನ ತೊಂದರೆ ಹೇಳುತ್ತದೆ. ಊಹೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಒಂದು ಸಮಾಧಾನದ ಮಾತು

ಜನರೇಟರ್ ಕೆಟ್ಟರೆ ಎಂಜಿನ್ ನಿಲ್ಲುವುದಿಲ್ಲ. ಈ ವಿಮಾನಗಳ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿಯೂ ಬೇಡ, ಜನರೇಟರೂ ಬೇಡ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನವನ್ನೇ ನೋಡಿ. ಅದರ ಕಾಂಟಿನೆಂಟಲ್ ಸಿ90-8ಎಫ್ ಎಂಜಿನ್‌ನಲ್ಲಿ ಸ್ಟಾರ್ಟರ್‌ಗೂ ಜನರೇಟರ್‌ಗೂ ಜಾಗವೇ ಇರಲಿಲ್ಲ. ಪ್ರೊಪೆಲರನ್ನು ಕೈಯಲ್ಲಿ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕಿತ್ತು. ಹಾಗಿದ್ದೂ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಪೈಲಟ್‌ಗಳನ್ನು ತಯಾರು ಮಾಡಿದ ವಿಮಾನ ಅದು. ಹಾಗಾಗಿ ಮುಳ್ಳು ಎಡಕ್ಕೆ ಹೋಯಿತು ಅಂತ ಗಾಬರಿ ಬೀಳಬೇಡಿ.

ಒಳಗೆ ಏನು ನಡೆಯುತ್ತದೆ

ಜನರೇಟರಿನ ಹೊರಗಿನ ಕಬ್ಬಿಣದ ಚಿಪ್ಪಿಗೆ ಫೀಲ್ಡ್ ಕಾಯಿಲ್‌ಗಳು ಅಂಟಿಕೊಂಡಿರುತ್ತವೆ. ಒಳಗೆ ತಿರುಗುವುದು ಆರ್ಮೇಚರ್. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್. ಅದರ ಮೇಲೆ ಒರೆಸಿಕೊಂಡು ಕೂತಿರುವ ಎರಡು ಕಾರ್ಬನ್ ಬ್ರಷ್‌ಗಳು ಕರೆಂಟನ್ನು ಹೊರಗೆ ತರುತ್ತವೆ.

ಎಂಜಿನ್ ಶುರುವಾದಾಗ ಫೀಲ್ಡ್ ಕಾಯಿಲ್‌ನಲ್ಲಿ ಇನ್ನೂ ಕರೆಂಟ್ ಇರುವುದಿಲ್ಲ. ಆದರೆ ಆ ಕಬ್ಬಿಣದಲ್ಲಿ ಹಿಂದಿನ ಸಲದ ಆಯಸ್ಕಾಂತ ಗುಣ ಚೂರು ಉಳಿದಿರುತ್ತದೆ. ಅಷ್ಟೇ ಸಾಕು. ಆರ್ಮೇಚರ್ ತಿರುಗಿದಾಗ ಒಂದೆರಡು ವೋಲ್ಟ್ ಹುಟ್ಟುತ್ತದೆ. ಅದು ಫೀಲ್ಡ್ ಕಾಯಿಲ್‌ಗೆ ಹೋಗಿ ಆಯಸ್ಕಾಂತವನ್ನು ಗಟ್ಟಿ ಮಾಡುತ್ತದೆ, ವೋಲ್ಟೇಜ್ ಇನ್ನಷ್ಟು ಏರುತ್ತದೆ. ಹೀಗೆ ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ಯಂತ್ರ ಇದು.

ಸೈಕಲ್ ಡೈನಮೊ ನೆನಪಿದೆ ಅಲ್ವಾ? ಜೋರಾಗಿ ತುಳಿದರೆ ದೀಪ ಪ್ರಖರ, ನಿಧಾನ ಮಾಡಿದರೆ ಮಂಕು. ಕಡಿವಾಣ ಹಾಕದಿದ್ದರೆ ವಿಮಾನದ ಜನರೇಟರೂ ಹಾಗೆಯೇ. ಆ ಕಡಿವಾಣವೇ ರೆಗ್ಯುಲೇಟರ್. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಲೋಹದ ಗೋಡೆ) ಮೇಲೆ ಕೂತಿರುವ ಆ ಪುಟ್ಟ ಡಬ್ಬಿಯ ಮುಚ್ಚಳ ತೆಗೆದರೆ ಮೂರು ಕಾಯಿಲ್ ಕಾಣುತ್ತವೆ.

ಒಂದು, ಕಟೌಟ್ ರಿಲೇ. ಜನರೇಟರ್ ವೋಲ್ಟೇಜ್ 12ರಿಂದ 13ರ ಆಸುಪಾಸಿಗೆ ಬಂದಾಗ ಮಾತ್ರ ಇದರ ಪಾಯಿಂಟ್ (ಸ್ವಿಚ್ಚಿನಂತೆ ಕೂಡಿ ಬಿಡುವ ಲೋಹದ ತುದಿಗಳು) ಕೂಡಿಕೊಂಡು ಜನರೇಟರನ್ನು ಬ್ಯಾಟರಿಗೆ ಸೇರಿಸುತ್ತದೆ. ಎಂಜಿನ್ ನಿಧಾನವಾದಾಗ ಬಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಜನರೇಟರ್‌ಗೇ ಹರಿದುಬಿಡುತ್ತಿತ್ತು. ಎರಡನೆಯದು ವೋಲ್ಟೇಜ್ ನೋಡಿಕೊಳ್ಳುವ ಕಾಯಿಲ್. ಇದರ ಪಾಯಿಂಟ್‌ಗಳು ಸೆಕೆಂಡಿಗೆ 50ರಿಂದ 200 ಸಲ ತೆರೆದು ಮುಚ್ಚುತ್ತಾ ಫೀಲ್ಡ್ ಕರೆಂಟನ್ನು ಹಿಡಿತದಲ್ಲಿಡುತ್ತವೆ. ಮೂರನೆಯದು ಕರೆಂಟ್ ಲಿಮಿಟರ್. ಆಲ್ಟರ್ನೇಟರ್ ತನ್ನ ಮಿತಿಯನ್ನು ತಾನೇ ದಾಟುವುದಿಲ್ಲ. ಜನರೇಟರ್‌ಗೆ ಆ ಗುಣ ಇಲ್ಲ, ಕೇಳಿದಷ್ಟೂ ಕೊಡುತ್ತಾ ಕೊಡುತ್ತಾ ಸುಟ್ಟುಹೋಗುತ್ತದೆ. ಹಾಗಾಗಿ 20 ಆಂಪಿಯರ್‌ನದ್ದಾದರೆ 20ಕ್ಕೆ, 35ರದ್ದಾದರೆ 35ಕ್ಕೆ ತಡೆಯಲು ಈ ಕಾಯಿಲ್.

ಆಮೀಟರ್ ಓದುವುದು

ಇಲ್ಲಿ ಎಡವುವವರು ಜಾಸ್ತಿ. ಮಧ್ಯದಲ್ಲಿ ಸೊನ್ನೆ ಇರುವ ಆಮೀಟರ್ ತೋರಿಸುವುದು ಬ್ಯಾಟರಿಯ ಲೆಕ್ಕವನ್ನು ಮಾತ್ರ. ಬಲಕ್ಕೆ ಹೋದರೆ ಬ್ಯಾಟರಿಗೆ ಕರೆಂಟ್ ಹೋಗುತ್ತಿದೆ. ಎಡಕ್ಕೆ ಹೋದರೆ ಬ್ಯಾಟರಿಯಿಂದ ಬರುತ್ತಿದೆ. ಜನರೇಟರ್ ಒಟ್ಟು ಎಷ್ಟು ಕೊಡುತ್ತಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಸ್ಟಾರ್ಟ್ ಮಾಡಿದ ಮೇಲೆ ಆರ್‌ಪಿಎಂ ಏರಿಸಿದಾಗ ಮುಳ್ಳು ಬಲಕ್ಕೆ ಹೋಗಬೇಕು. ಬ್ಯಾಟರಿ ತುಂಬುತ್ತಾ ಬಂದಂತೆ ನಿಧಾನವಾಗಿ ಸೊನ್ನೆಯ ಹತ್ತಿರ, ಒಂದು ಕೂದಲಷ್ಟು ಬಲಕ್ಕೆ ಬಂದು ನಿಲ್ಲಬೇಕು. ಅದು ಆರೋಗ್ಯದ ಲಕ್ಷಣ. "ಸೊನ್ನೆ ತೋರಿಸ್ತಿದೆ, ಚಾರ್ಜೇ ಆಗ್ತಿಲ್ಲ" ಅಂತ ಚೆನ್ನಾಗಿರುವ ರೆಗ್ಯುಲೇಟರನ್ನು ಕೆದಕಲು ಹೋಗಬೇಡಿ. ಐಡಲ್‌ನಲ್ಲಿ, ನೆಲದ ಮೇಲೆ ನಿಧಾನಕ್ಕೆ ಓಡಿಸುವಾಗ (ಟ್ಯಾಕ್ಸಿ) ಮುಳ್ಳು ಎಡಕ್ಕೆ ಇರುವುದೂ ಸಹಜವೇ. ಆ ವೇಗದಲ್ಲಿ ಕಟೌಟ್ ತೆರೆದೇ ಇರುತ್ತದೆ. 1700–1800 ಆರ್‌ಪಿಎಂ ದಾಟಿದ ಮೇಲೂ ಎಡಕ್ಕೇ ಇದ್ದರೆ ಆಗ ವಿಚಾರಿಸಿ.

ಕೆಟ್ಟಿದೆಯೋ, ಭಾರ ಜಾಸ್ತಿಯೋ?

ಭಾರ ಅಂದರೆ ಇಲ್ಲಿ ದೀಪ, ರೇಡಿಯೊ ಎಲ್ಲ ಸೇರಿ ಎಳೆಯುವ ಕರೆಂಟ್. ಮೀಟರ್ ಹಿಡಿಯುವ ಮೊದಲು ಒಂದು ಕಾಗದ ಪೆನ್ನು ತಗೊಳ್ಳಿ. ನಿಮ್ಮ ವಿಮಾನದಲ್ಲಿ 20 ಆಂಪಿಯರ್ ಜನರೇಟರ್ ಇದೆ ಅಂತಿಟ್ಟುಕೊಳ್ಳಿ. ರಾತ್ರಿ ಹಾರಾಟ. ರೆಕ್ಕೆ ಮತ್ತು ಬಾಲದ ನ್ಯಾವಿಗೇಷನ್ ದೀಪಗಳು ಸೇರಿ ಸುಮಾರು 5 ಆಂಪಿಯರ್. ತಿರುಗುವ ಹಳೆ ಬೀಕನ್ ಸುಮಾರು 6. 100 ವಾಟ್ ಲ್ಯಾಂಡಿಂಗ್ ಲೈಟ್ ಸುಮಾರು 8. ರೇಡಿಯೊ, ಟ್ರಾನ್ಸ್‌ಪಾಂಡರ್ ಸೇರಿ ಮೂರೋ ನಾಲ್ಕೋ. ಮೈಕ್ ಒತ್ತಿ ಮಾತಾಡಿದಾಗ ಇನ್ನೂ ಎರಡು ಮೂರು. ಕೂಡಿಸಿ ನೋಡಿ, 22 ದಾಟುತ್ತದೆ. ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯನ್ನು ಬಿಸಿ ಮಾಡುವ ಹೀಟರ್) ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಆಗ ಮುಳ್ಳು ಎಡಕ್ಕೆ ವಾಲಿದರೆ ಅದು ಜನರೇಟರಿನ ತಪ್ಪಲ್ಲ.

ಸತತವಾಗಿ ಬೀಳುವ ಭಾರ ಜನರೇಟರ್ ಸಾಮರ್ಥ್ಯದ ಶೇ. 80 ದಾಟಬಾರದು ಅನ್ನುವುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಮಾರ್ಗದರ್ಶಿಯಲ್ಲಿರುವ ಲೆಕ್ಕ. 20 ಆಂಪಿಯರ್‌ನದ್ದಕ್ಕೆ 16, 35ರದ್ದಕ್ಕೆ 28. ಇಷ್ಟು ವರ್ಷಗಳಲ್ಲಿ ಹಳೆ ವಿಮಾನಕ್ಕೆ ಒಂದೊಂದೇ ಹೊಸ ರೇಡಿಯೊ, ಜಿಪಿಎಸ್ ಸೇರಿಸುತ್ತಾ ಬಂದಿರುತ್ತಾರೆ. ಒಟ್ಟು ಎಷ್ಟಾಯಿತು ಅಂತ ಯಾರೂ ಕೂಡಿಸಿರುವುದಿಲ್ಲ. ನನ್ನ ಪ್ರಕಾರ ಇಂಥ ಕಡೆ ಮೊದಲ ಔಷಧಿ ಎಲ್‌ಇಡಿ ದೀಪಗಳು. ಆ ವಿಮಾನಕ್ಕೆ ಒಪ್ಪಿಗೆ ಇರುವ ಎಲ್‌ಇಡಿ ಹಾಕಿಸಿದರೆ ಲ್ಯಾಂಡಿಂಗ್ ಲೈಟ್, ಬೀಕನ್, ನ್ಯಾವಿಗೇಷನ್ ದೀಪಗಳ ಭಾರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಜನರೇಟರ್‌ಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ.

ಕೈ ಹಾಕುವ ಮೊದಲು

ಅಮೆರಿಕದಲ್ಲಿ ಬ್ಯಾಟರಿ ಬದಲಿಸುವುದು, ಅದಕ್ಕೆ ನೀರು ಹಾಕುವುದು ಮಾಲೀಕರಾದ ಪೈಲಟ್ ಮಾಡಬಹುದಾದ ಕೆಲಸ. ಜನರೇಟರ್, ರೆಗ್ಯುಲೇಟರ್ ರಿಪೇರಿ ಹಾಗಲ್ಲ. ಅದಕ್ಕೆ ಎ ಅಂಡ್ ಪಿ (ವಿಮಾನದ ಮೈ ಮತ್ತು ಎಂಜಿನ್ ರಿಪೇರಿಗೆ ಲೈಸೆನ್ಸ್ ಇರುವ) ಮೆಕ್ಯಾನಿಕ್ ಬೇಕು, ಅವರ ಸಹಿ ಬೇಕು. ಭಾರತದಲ್ಲಿ ಡಿಜಿಸಿಎ ಲೈಸೆನ್ಸ್ ಇರುವ ಎಎಂಇ ಬೇಕು. ಮುಂದೆ ಹೇಳುವ ಪರೀಕ್ಷೆಗಳನ್ನು ಅವರ ಜೊತೆ ನಿಂತು ಮಾಡಿ. ನಿಮ್ಮ ವಿಮಾನದ ಸರ್ವೀಸ್ ಮ್ಯಾನ್ಯುಯಲ್ ಕೊಟ್ಟ ಅಂಕಿಯೇ ಕೊನೆಯ ಮಾತು.

ಪ್ರೊಪೆಲರ್ ವಿಷಯವನ್ನು ಒತ್ತಿ ಹೇಳಲೇಬೇಕು. ಮ್ಯಾಗ್ನೆಟೊ ಸ್ವಿಚ್ ಆಫ್ ಇದ್ದರೂ ಅದರ ಅರ್ತ್ ವೈರ್ ತುಂಡಾಗಿದ್ದರೆ ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಎಂಜಿನ್ ಚಾಲೂ ಆಗಿಬಿಡಬಹುದು. ಕೀ ತೆಗೆದಿಡಿ, ಮಿಕ್ಸ್‌ಚರ್ (ಇಂಧನ ನಿಯಂತ್ರಿಸುವ ನಾಬ್) ಪೂರ್ತಿ ಎಳೆದಿಡಿ, ಚಕ್ರಕ್ಕೆ ಚಾಕ್ (ಉರುಳದಂತೆ ತಡೆಯುವ ತುಂಡು) ಇಡಿ. ಕೈಯ ಉಂಗುರ, ಲೋಹದ ವಾಚ್ ತೆಗೆಯಿರಿ. ಎಂಜಿನ್ ಓಡುವಾಗ ಅಳೆಯಬೇಕಾದ ಕಡೆಯೆಲ್ಲ ಎಂಜಿನ್ ನಿಂತಿರುವಾಗಲೇ ಉದ್ದನೆಯ ವೈರ್ ಕಟ್ಟಿ, ಪ್ರೊಪೆಲರಿನಿಂದ ದೂರ ಹಾಯಿಸಿ, ಮೀಟರನ್ನು ಕ್ಯಾಬಿನ್ ಒಳಗೆ ಇಟ್ಟುಕೊಳ್ಳಿ. ಓಡುತ್ತಿರುವ ಎಂಜಿನ್ ಮುಂದೆ ಪ್ರೋಬ್ ಹಿಡಿದು ಯಾರೂ ನಿಲ್ಲಬಾರದು.

ಹೆಜ್ಜೆ 1: ಒಂದೇ ಅಳತೆ, ಮೂರು ದಾರಿ

ಸಿಗರೇಟ್ ಲೈಟರ್ ಸಾಕೆಟನ್ನು ಬಸ್‌ಗೆ (ಎಲ್ಲ ಉಪಕರಣಗಳಿಗೂ ಕರೆಂಟ್ ಹಂಚುವ ಪಟ್ಟಿ) ಜೋಡಿಸಿದ್ದರೆ ಕೂತಲ್ಲೇ ಬಸ್ ವೋಲ್ಟೇಜ್ ಅಳೆಯಬಹುದು. ಎಂಜಿನ್ ನಿಂತಿರುವಾಗ ಮಾಸ್ಟರ್ (ಇಡೀ ವಿಮಾನದ ಕರೆಂಟಿನ ಸ್ವಿಚ್) ಆನ್ ಮಾಡಿ ಒಮ್ಮೆ ಬರೆದುಕೊಳ್ಳಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಬಿಸಿಯಾದ ಮೇಲೆ 1800ರಿಂದ 2000 ಆರ್‌ಪಿಎಂನಲ್ಲಿ ಇನ್ನೊಮ್ಮೆ ನೋಡಿ.

13.8ರಿಂದ 14.4 ಬಂದರೆ ಚಾರ್ಜಿಂಗ್ ಚೆನ್ನಾಗಿದೆ. ತೊಂದರೆ ಬ್ಯಾಟರಿಯಲ್ಲೋ, ಆಮೀಟರಿನಲ್ಲೋ, ಭಾರದಲ್ಲೋ ಇದೆ. 12.5ರ ಹತ್ತಿರ ನಿಂತು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಕಡಿವಾಣ ಕಳಚಿದೆ, ತಕ್ಷಣ ಎಂಜಿನ್ ನಿಲ್ಲಿಸಿ. ಡಿಜಿಟಲ್ ಮೀಟರಿನ ಅಂಕಿ ಒಂದೇ ಸಮ ಕುಣಿಯುತ್ತಿದ್ದರೆ ಮುಳ್ಳಿನ ಮೀಟರ್ ತಗೊಳ್ಳಿ. ಬ್ರಷ್ ಕಿಡಿಗಳ ಗದ್ದಲ ಡಿಜಿಟಲ್ ಮೀಟರಿಗೆ ಆಗಿಬರುವುದಿಲ್ಲ.

ಹೆಜ್ಜೆ 2: ಬ್ಯಾಟರಿ

ಒಂದು ರಾತ್ರಿ ಸುಮ್ನೆ ಬಿಟ್ಟ, ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ 12.6ರಿಂದ 12.8 ತೋರಿಸಬೇಕು. ನೀರು ಹಾಕುವ ಬಗೆಯದಾದರೆ ಹೈಡ್ರೋಮೀಟರ್ (ಆಸಿಡ್‌ನ ಸಾಂದ್ರತೆ ಅಳೆಯುವ ಸಾಧನ) ಹಾಕಿ. ವಿಮಾನದ ಬ್ಯಾಟರಿಯಲ್ಲಿ 1.275ರಿಂದ 1.300 ಪೂರ್ತಿ ಚಾರ್ಜ್, 1.240ಕ್ಕಿಂತ ಕೆಳಗಿದ್ದರೆ ಇಳಿದಿದೆ ಅಂತ. ಆರು ಸೆಲ್‌ಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಂತೆ. ಸೀಲ್ ಆದ ಬ್ಯಾಟರಿಗೆ ಹೈಡ್ರೋಮೀಟರ್ ನಡೆಯುವುದಿಲ್ಲ, ಕೆಪಾಸಿಟಿ ಟೆಸ್ಟ್ ಮಾಡಿಸಬೇಕು. ಕೆಟ್ಟ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ತಪ್ಪೇ ಬರುತ್ತದೆ.

ಹೆಜ್ಜೆ 3: ವೈರು, ಜೋಡಣೆ, ಅರ್ತ್

ಇಲ್ಲಿ ಅವಸರ ಬೇಡ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಜನರೇಟರಿನ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರಲು ಇರುವ ಸರಿಯಾದ ದಾರಿ, ಎಂಜಿನ್‌ನಿಂದ ಫೈರ್‌ವಾಲ್ ಅಥವಾ ಫ್ರೇಮಿಗೆ ಬಿಗಿದಿರುವ ಹೆಣೆದ ತಾಮ್ರದ ಪಟ್ಟಿ. ಅದಕ್ಕೆ ಎಣ್ಣೆ, ಬಿಸಿ, ಅದುರು ಎಲ್ಲ ಬಡಿಯುತ್ತಿರುತ್ತದೆ. ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಬೋಲ್ಟ್ ಬಿಚ್ಚಿದರೆ ಲಗ್‌ನ ಕೆಳಗೆ ಹಸಿರು ಪಾಚಿಯಂತೆ ತುಕ್ಕು.

ಕಣ್ಣಿನಿಂದ ನೋಡಿ ತೀರ್ಮಾನಿಸಬೇಡಿ. ದೀಪಗಳನ್ನೆಲ್ಲ ಹಾಕಿ, ಎಂಜಿನ್ ಓಡುವಾಗ ಎರಡು ಅಳತೆ ತಗೊಳ್ಳಿ. ಮೊದಲನೆಯದು ಜನರೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ. ಇಲ್ಲಿ 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಎರಡನೆಯದು ಜನರೇಟರಿನ ಎ ಟರ್ಮಿನಲ್‌ಗೂ (ಆರ್ಮೇಚರಿನ ಕರೆಂಟ್ ಹೊರಬರುವ ತುದಿ) ಬ್ಯಾಟರಿಯ ಪಾಸಿಟಿವ್‌ಗೂ ನಡುವೆ. ಇಲ್ಲಿ ಅರ್ಧ ವೋಲ್ಟ್ ಮೀರಿದರೆ ಆ ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ. ಮೀಟರಿನ ಒಂದು ತುದಿಯನ್ನು ಒಂದೊಂದೇ ಜೋಡಣೆ ದಾಟಿಸುತ್ತಾ ಹೋದರೆ ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ ಅಂತ ಸಿಕ್ಕಿಬೀಳುತ್ತದೆ. ಪ್ರತಿ ಸಲ ಎಂಜಿನ್ ನಿಲ್ಲಿಸಿಯೇ ವೈರ್ ಬದಲಿಸಿ, ಬೇಜಾರಾದರೂ ಸರಿ.

ರೆಗ್ಯುಲೇಟರಿನ ತಳಕ್ಕೂ ಅರ್ತ್ ಬೇಕು. ಫೈರ್‌ವಾಲ್‌ಗೆ ಬಣ್ಣ ಬಳಿದು ಅದರ ಮೇಲೇ ರೆಗ್ಯುಲೇಟರ್ ಕೂರಿಸಿದ್ದರೆ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ.

ಹೆಜ್ಜೆ 4: ಬ್ರಷ್ ಮತ್ತು ಕಮ್ಯುಟೇಟರ್

ಜನರೇಟರಿನ ಹಿಂಬದಿಯ ಕವರ್ ಪಟ್ಟಿ ತೆಗೆದರೆ ಬ್ರಷ್‌ಗಳು ಕಾಣುತ್ತವೆ. ಹೊಸದರ ಅರ್ಧಕ್ಕಿಂತ ಗಿಡ್ಡ ಆಗಿದ್ದರೆ ಬದಲಿಸಿ. ಬ್ರಷ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಒತ್ತಿ ಹಿಡಿದಿರಬೇಕು. ಕಮ್ಯುಟೇಟರಿನ ಬಣ್ಣ ನೋಡಿ. ನುಣುಪಾಗಿ ಚಾಕೊಲೇಟ್ ಕಂದು ಬಣ್ಣದಲ್ಲಿದ್ದರೆ ಅದನ್ನು ಮುಟ್ಟಲೇಬೇಡಿ, ಅದೇ ಒಳ್ಳೆಯ ಕಮ್ಯುಟೇಟರಿನ ಗುರುತು. ಪಟ್ಟಿಗಳ ಅಂಚು ಕಪ್ಪಾಗಿ ಸುಟ್ಟಿದ್ದರೆ, ಮೇಲ್ಮೈ ತಗ್ಗುಬಿದ್ದಿದ್ದರೆ ಕೆಲಸ ಇದೆ.

ತೆಳುವಾಗಿ ಉಜ್ಜಬೇಕಾದರೆ ನಯವಾದ ಉಪ್ಪುಕಾಗದ ಬಳಸಿ. ಎಮರಿ ಪೇಪರ್ ಬೇಡವೇ ಬೇಡ. ಅದರ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಪಟ್ಟಿಗಳ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ. ಕವರ್ ಪಟ್ಟಿಯ ಒಳಬದಿಗೆ ಬೆಸುಗೆಯ ಸಣ್ಣ ಸಣ್ಣ ಬೆಳ್ಳಿ ಹನಿಗಳು ಅಂಟಿಕೊಂಡಿವೆಯಾ ನೋಡಿ. ಇದ್ದರೆ ಆರ್ಮೇಚರ್ ಅತಿಯಾಗಿ ಕಾದು ಬೆಸುಗೆ ಕರಗಿ ಎರಚಿದೆ ಅಂತ ಅರ್ಥ. ಅದನ್ನು ಬಿಚ್ಚಿ ವರ್ಕ್‌ಶಾಪಿಗೆ ಕಳಿಸಬೇಕು. ಜೊತೆಗೆ ಕರೆಂಟ್ ಲಿಮಿಟರನ್ನೂ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಹೊಸ ಜನರೇಟರಿಗೂ ಅದೇ ಗತಿ.

ಸೆಸ್ನಾ 150ರ ಕಾಂಟಿನೆಂಟಲ್ ಒ-200 ಎಂಜಿನ್‌ನಲ್ಲಿ ಜನರೇಟರ್ ಬೆಲ್ಟಿನಿಂದ ಓಡುವುದಿಲ್ಲ, ಎಂಜಿನ್ ಹಿಂಭಾಗದ ಗೇರಿನಿಂದ ಓಡುತ್ತದೆ. ಅಲ್ಲಿನ ಆಯಿಲ್ ಸೀಲ್ ಸೋತರೆ ಎಂಜಿನ್ ಎಣ್ಣೆ ಒಳಗೆ ನುಗ್ಗಿ ಬ್ರಷ್ ನೆನೆದುಹೋಗುತ್ತದೆ. ಬ್ರಷ್ ಮಾತ್ರ ಬದಲಿಸಿ ಸೀಲ್ ಹಾಗೇ ಬಿಟ್ಟರೆ ತೊಂದರೆ ವಾಪಸ್ ಬರುವುದು ಖಂಡಿತ. ಆ ಡ್ರೈವ್ ಕಪ್ಲಿಂಗಿನಲ್ಲಿರುವ ರಬ್ಬರ್ ಬುಷ್‌ಗಳನ್ನೂ ನೋಡಿಸಿ. ಅವು ಪುಡಿಯಾದರೆ ಚೂರುಗಳು ಎಂಜಿನ್ ಒಳಗೇ ಬೀಳುತ್ತವೆ. ಬೆಲ್ಟ್ ಇರುವ ಹಳೆ ಚೆರೋಕಿಯಂಥ ವಿಮಾನಗಳಲ್ಲಿ ಬೆಲ್ಟ್ ಬಿಗಿಯಾಗಿದೆಯೇ, ಸವೆದು ಹೊಳಪು ಬಂದಿಲ್ಲವೇ ಅಂತ ನೋಡಿದರೆ ಸಾಕು.

ಹೆಜ್ಜೆ 5: ಫೀಲ್ಡ್ ಯಾವ ಬಗೆಯದು?

ಜನರೇಟರಿನಲ್ಲಿ ಎರಡು ಬಗೆ ಇವೆ. ಎ ಬಗೆಯಲ್ಲಿ ಫೀಲ್ಡ್ ಕಾಯಿಲ್‌ನ ಒಂದು ತುದಿ ಒಳಗೇ ಪಾಸಿಟಿವ್ ಬ್ರಷ್‌ಗೆ ಸೇರಿರುತ್ತದೆ, ಇನ್ನೊಂದು ತುದಿ ಎಫ್ (ಫೀಲ್ಡ್) ಟರ್ಮಿನಲ್ ಮೂಲಕ ಹೊರಬಂದು ರೆಗ್ಯುಲೇಟರಿನಲ್ಲಿ ಅರ್ತ್ ಆಗುತ್ತದೆ. ಡೆಲ್ಕೊ-ರೆಮಿ ಜನರೇಟರ್‌ಗಳು ಈ ಬಗೆಯವು. ಹಳೆ ಸೆಸ್ನಾ, ಪೈಪರ್‌ಗಳಲ್ಲಿ ಕಾಣುವುದು ಹೆಚ್ಚಾಗಿ ಇವೇ. ಬಿ ಬಗೆಯಲ್ಲಿ ಫೀಲ್ಡ್ ಒಳಗೇ ಅರ್ತ್ ಆಗಿರುತ್ತದೆ, ರೆಗ್ಯುಲೇಟರ್ ಹೊರಗಿನಿಂದ ಎಫ್‌ಗೆ ಕರೆಂಟ್ ಕೊಡುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಒಂದು ಬಗೆಯ ಪರೀಕ್ಷೆಯನ್ನು ಇನ್ನೊಂದಕ್ಕೆ ಮಾಡಿದರೆ ಉತ್ತರ ತಲೆಕೆಳಗಾಗುತ್ತದೆ. ಹಳೆ ಅಂಬಾಸಿಡರ್ ಕಾರಿನ ಲೂಕಾಸ್ ಮಾದರಿಯ ಡೈನಮೊ ಬಿ ಬಗೆಯದು. ಅದರಲ್ಲಿ ಪಳಗಿದ ಆಟೊ ಎಲೆಕ್ಟ್ರಿಷಿಯನ್ ಎರಡು ಟರ್ಮಿನಲ್ ಕೂಡಿಸಿ ಕರೆಂಟ್ ಬರುತ್ತಾ ಅಂತ ನೋಡುತ್ತಾರೆ. ಅದೇ ಕೆಲಸವನ್ನು ಡೆಲ್ಕೊ ಜನರೇಟರಿನಲ್ಲಿ ಮಾಡಿದರೆ ಫೀಲ್ಡ್ ಕಾಯಿಲ್‌ನ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಿದ್ದು ಏನೂ ಹುಟ್ಟುವುದಿಲ್ಲ. ಚೆನ್ನಾಗಿರುವ ಜನರೇಟರ್ ಕೆಟ್ಟಿದೆ ಅನ್ನಿಸಿಕೊಳ್ಳುತ್ತದೆ. ಮುಂದಿನ ಹೆಜ್ಜೆಗಳಲ್ಲಿ ನಾನು ಎ ಬಗೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 6: ಜನರೇಟರೋ, ರೆಗ್ಯುಲೇಟರೋ?

ರೇಡಿಯೊಗಳನ್ನೆಲ್ಲ ಆಫ್ ಮಾಡಿ. ರೆಗ್ಯುಲೇಟರಿನಿಂದ ಎಫ್ ವೈರ್ ಬಿಚ್ಚಿ ಬೇರೆ ಎಲ್ಲೂ ತಾಗದಂತೆ ಸುತ್ತಿಡಿ. ಎಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಜನರೇಟರಿನ ಎ ಟರ್ಮಿನಲ್‌ನಲ್ಲಿ ಒಂದೆರಡು ವೋಲ್ಟ್ ಬರಬೇಕು. ಅದು ಉಳಿಕೆ ಆಯಸ್ಕಾಂತದ ವೋಲ್ಟೇಜ್. ಬಂದರೆ ಆರ್ಮೇಚರ್, ಬ್ರಷ್ ಬದುಕಿವೆ. ಸೊನ್ನೆ ಬಂದರೆ ಬ್ರಷ್ ತಾಗುತ್ತಿಲ್ಲ, ಇಲ್ಲವೇ ಆಯಸ್ಕಾಂತ ಗುಣ ಹೋಗಿದೆ, ಇಲ್ಲವೇ ಆರ್ಮೇಚರ್ ಕೆಟ್ಟಿದೆ.

ಎಂಜಿನ್ ನಿಲ್ಲಿಸಿ. ಈಗ ಆ ಎಫ್ ವೈರನ್ನು ನೇರವಾಗಿ ಅರ್ತ್‌ಗೆ ಕಟ್ಟಿ. ರೆಗ್ಯುಲೇಟರಿನ ಹಿಡಿತ ತಪ್ಪಿಸಿ ಜನರೇಟರಿಗೆ ಪೂರ್ತಿ ಫೀಲ್ಡ್ ಕೊಟ್ಟಂತಾಯಿತು. ಲ್ಯಾಂಡಿಂಗ್ ಲೈಟ್ ಹಾಕಿಡಿ, ಭಾರ ಇದ್ದರೆ ವೋಲ್ಟೇಜ್ ದಿಢೀರ್ ಅಂತ ಏರುವುದಿಲ್ಲ. ಎಂಜಿನ್ ಚಾಲೂ ಮಾಡಿ ಥ್ರಾಟಲ್ ನಿಧಾನಕ್ಕೆ ತೆರೆಯುತ್ತಾ ವೋಲ್ಟ್‌ಮೀಟರ್ ಮೇಲೇ ಕಣ್ಣಿಡಿ. 15 ವೋಲ್ಟ್ ಹತ್ತಿರ ಬಂದ ಕೂಡಲೇ ಥ್ರಾಟಲ್ ಎಳೆಯಿರಿ. ಕೆಲವೇ ಸೆಕೆಂಡಿನ ಪರೀಕ್ಷೆ ಇದು, ಹಾಗೇ ಬಿಟ್ಟರೆ ಎಲ್ಲಾ ಸುಡುತ್ತದೆ.

ವೋಲ್ಟೇಜ್ ಏರಿ ಮುಳ್ಳು ಬಲಕ್ಕೆ ಹೋಯಿತು ಅಂದರೆ ಜನರೇಟರ್ ಗಟ್ಟಿಯಾಗಿದೆ, ತಪ್ಪು ರೆಗ್ಯುಲೇಟರಿನದ್ದು. ವೋಲ್ಟೇಜ್ ಏರಿಯೂ ಮುಳ್ಳು ಅಲ್ಲಾಡಲಿಲ್ಲ ಅಂದರೆ ಕಟೌಟ್ ಕೂಡಿಕೊಳ್ಳುತ್ತಿಲ್ಲ. ವೋಲ್ಟೇಜೇ ಏರಲಿಲ್ಲವಾ? ಜನರೇಟರನ್ನು ಬೈಯುವ ಮೊದಲು ಅದರ ಎಫ್ ಟರ್ಮಿನಲನ್ನೇ ಅಲ್ಲೇ ಅರ್ತ್ ಮಾಡಿ ಇನ್ನೊಮ್ಮೆ ನೋಡಿ. ಈಗ ಬಂದರೆ ತೊಂದರೆ ನಡುವಿನ ವೈರಿನಲ್ಲಿದೆ. ಹಲವು ಹಳೆ ವಿಮಾನಗಳಲ್ಲಿ ಫೀಲ್ಡ್ ವೈರ್ ಮಾಸ್ಟರ್ ಸ್ವಿಚ್ ಮೂಲಕ ಹಾದು ಹೋಗುತ್ತದೆ. ಅರವತ್ತು ವರ್ಷ ಎಳೆದು ತಳ್ಳಿದ ಆ ಸ್ವಿಚ್ಚಿನ ಒಳಗಿನ ಪಾಯಿಂಟ್ ಸವೆದಿರುತ್ತದೆ. ದೀಪ, ರೇಡಿಯೊ ಎಲ್ಲ ಬರುತ್ತದೆ, ಚಾರ್ಜ್ ಮಾತ್ರ ಆಗುವುದಿಲ್ಲ.

ಹೆಜ್ಜೆ 7: ಪೋಲರೈಸ್ ಮಾಡುವುದು

ಜನರೇಟರ್, ರೆಗ್ಯುಲೇಟರ್ ಬಿಚ್ಚಿ ಕೂರಿಸಿದ ಮೇಲೆ, ಅಥವಾ ವಿಮಾನ ತಿಂಗಳುಗಟ್ಟಲೆ ನಿಂತಿದ್ದು ಆಯಸ್ಕಾಂತ ಗುಣ ಹೋಗಿದ್ದರೆ ಇದು, ಅಂದರೆ ಜನರೇಟರಿನ ಕಬ್ಬಿಣಕ್ಕೆ ಸರಿಯಾದ ದಿಕ್ಕಿನ ಆಯಸ್ಕಾಂತ ಗುಣ ಕೊಡುವ ಕೆಲಸ, ಬೇಕು. ಎಲ್ಲ ವೈರ್ ವಾಪಸ್ ಕಟ್ಟಿ. ಎಂಜಿನ್ ನಿಂತಿರಲಿ, ಮಾಸ್ಟರ್ ಆನ್ ಇರಲಿ. ರೆಗ್ಯುಲೇಟರಿನ ಬ್ಯಾಟ್ ಮತ್ತು ಜೆನ್ ಟರ್ಮಿನಲ್‌ಗಳ ನಡುವೆ ಜಂಪರ್ ವೈರನ್ನು ಒಂದು ಕ್ಷಣ ತಾಗಿಸಿ ತೆಗೆಯಿರಿ. ಚಟ್ ಅಂತ ಒಂದು ಕಿಡಿ ಬರುತ್ತದೆ, ಮುಗಿಯಿತು. ಹಿಡಿದುಕೊಂಡೇ ಇರಬೇಡಿ.

ಬಿ ಬಗೆಯದಾದರೆ ಎಫ್ ವೈರನ್ನು ರೆಗ್ಯುಲೇಟರಿನಿಂದ ಬಿಚ್ಚಿ, ಆ ವೈರನ್ನು ಬ್ಯಾಟ್ ಟರ್ಮಿನಲ್‌ಗೆ ಒಮ್ಮೆ ತಾಗಿಸಬೇಕು. ಬಿಚ್ಚದೆ ಮಾಡಿದರೆ ರೆಗ್ಯುಲೇಟರ್ ಪಾಯಿಂಟ್ ಸುಡುತ್ತದೆ. ಈ ಹೆಜ್ಜೆ ಮರೆತು, ಜನರೇಟರ್ ಉಲ್ಟಾ ಪೋಲಾರಿಟಿಯಲ್ಲಿ ಎದ್ದರೆ ಕಟೌಟ್ ಪಾಯಿಂಟಿನ ಎರಡು ಬದಿಗೆ ಬ್ಯಾಟರಿ ಮತ್ತು ಜನರೇಟರ್ ಎರಡರ ವೋಲ್ಟೇಜೂ ಕೂಡಿ ಬೀಳುತ್ತದೆ. ಹೊಸ ರೆಗ್ಯುಲೇಟರ್ ಮೊದಲ ದಿನವೇ ಹೋಗುತ್ತದೆ.

ಹೆಜ್ಜೆ 8: ರೆಗ್ಯುಲೇಟರ್ ಹೊಂದಿಸುವುದು

ಇದನ್ನು ಬಲ್ಲವರಿಗೆ ಬಿಡಿ ಅನ್ನುವುದೇ ನನ್ನ ಸಲಹೆ. ಸ್ಕ್ರೂ ತಿರುಗಿಸುವುದು ಸುಲಭ, ಸರಿಯಾಗಿ ಅಳೆಯುವುದು ಕಷ್ಟ. ವೋಲ್ಟೇಜನ್ನು ರೆಗ್ಯುಲೇಟರ್ ಚೆನ್ನಾಗಿ ಬಿಸಿಯಾದ ಮೇಲೆ, ಮುಚ್ಚಳ ಹಾಕಿಯೇ ನೋಡಬೇಕು. ಆ ಉಕ್ಕಿನ ಮುಚ್ಚಳ ತೆಗೆದರೆ ಕಾಯಿಲ್‌ಗಳ ಆಯಸ್ಕಾಂತ ಹರಿವೇ ಬದಲಾಗಿ ಬೇರೆ ಅಂಕಿ ಬರುತ್ತದೆ. ಪಾಯಿಂಟ್ ಸ್ವಚ್ಛ ಮಾಡಲು ಸಣ್ಣ ಅರ ಬೇಕು, ಇಲ್ಲೂ ಎಮರಿ ಬೇಡ.

ಚಾರ್ಜ್ ಜಾಸ್ತಿಯಾದರೆ

ದೀಪದ ಬಲ್ಬ್ ಪದೇ ಪದೇ ಹೋಗುವುದು, ಬ್ಯಾಟರಿ ನೀರು ಬೇಗ ಖಾಲಿಯಾಗುವುದು, ಬ್ಯಾಟರಿ ಡಬ್ಬಿಯ ಸುತ್ತ ಆಸಿಡ್ ಕಲೆ, ಗಂಟೆ ಕಳೆದರೂ ಮುಳ್ಳು ಬಲಕ್ಕೇ ಇರುವುದು. ಇದೆಲ್ಲ ಓವರ್‌ಚಾರ್ಜ್ ಲಕ್ಷಣ. ಎ ಬಗೆಯಲ್ಲಿ ಎಫ್ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಸಾಕು, ಜನರೇಟರ್ ಪೂರ್ತಿ ಜೋರಿನಲ್ಲಿ ಓಡುತ್ತದೆ. ರೆಗ್ಯುಲೇಟರಿನಿಂದ ಎಫ್ ವೈರ್ ಬಿಚ್ಚಿ ನೋಡಿ. ಚಾರ್ಜ್ ನಿಂತರೆ ರೆಗ್ಯುಲೇಟರ್ ಪಾಯಿಂಟ್ ಅಂಟಿಕೊಂಡಿದೆ. ನಿಲ್ಲದಿದ್ದರೆ ವೈರಿನಲ್ಲೋ ಜನರೇಟರ್ ಒಳಗೋ ಶಾರ್ಟ್ ಇದೆ.

ಇನ್ನೊಂದು ಅಪಾಯ: ಎಂಜಿನ್ ನಿಲ್ಲಿಸಿ, ಎಲ್ಲ ಸ್ವಿಚ್ ಆರಿಸಿದ ಮೇಲೂ ಮಾಸ್ಟರ್ ಆನ್ ಇರುವಾಗ ಮುಳ್ಳು ಎಡತುದಿಗೆ ಹೋಗಿ ಕೂತಿದ್ದರೆ ಕಟೌಟ್ ಪಾಯಿಂಟ್ ಬೆಸೆದುಕೊಂಡಿದೆ. ಬ್ಯಾಟರಿ ಈಗ ಜನರೇಟರನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತಿದೆ, ಅದಕ್ಕೆ ಆಗುತ್ತಿಲ್ಲ, ವೈರ್ ಬಿಸಿಯಾಗುತ್ತಿದೆ. ಆ ಕ್ಷಣವೇ ಮಾಸ್ಟರ್ ಆಫ್ ಮಾಡಿ. ಆಮೇಲೆ ಬ್ಯಾಟರಿ ಬಿಚ್ಚಿ, ನೆಗೆಟಿವ್ ಮೊದಲು.

ಹಾರುವಾಗ ಜನರೇಟರ್ ಕೈಕೊಟ್ಟರೆ

ವಿಮಾನದ ಕೈಪಿಡಿ ಹೇಳಿದ್ದನ್ನೇ ಮಾಡಿ. ಸಾಮಾನ್ಯವಾಗಿ ಮೊದಲ ಕೆಲಸ ಭಾರ ಇಳಿಸುವುದು: ಲ್ಯಾಂಡಿಂಗ್ ಲೈಟ್, ಪಿಟೋ ಹೀಟ್, ಎರಡನೇ ರೇಡಿಯೊ, ಅಗತ್ಯ ಇಲ್ಲದಿದ್ದರೆ ಬೀಕನ್. 20 ಆಂಪಿಯರ್-ಅವರ್ ಬ್ಯಾಟರಿ 10 ಆಂಪಿಯರ್ ಭಾರಕ್ಕೆ ಎರಡು ಗಂಟೆ ಬರಬೇಕು ಅನ್ನುವುದು ಕಾಗದದ ಲೆಕ್ಕ. ಹಳೆ ಬ್ಯಾಟರಿ, ಗೊತ್ತಾಗುವ ಮೊದಲೇ ಖಾಲಿಯಾದ ಭಾಗ ಎಲ್ಲ ಕಳೆದರೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳುವುದು ಕ್ಷೇಮ. ರೇಡಿಯೊ ಇರುವಾಗಲೇ ಟವರಿಗೆ ಚುಟುಕಾಗಿ ವಿಷಯ ಹೇಳಿಬಿಡಿ. ಕೇಳುವುದಕ್ಕಿಂತ ಮಾತಾಡುವುದಕ್ಕೇ ಕರೆಂಟ್ ಜಾಸ್ತಿ ಬೇಕು.

ಕರೆಂಟಿನಿಂದ ನಡೆಯುವ ಫ್ಯೂಯಲ್ ಗೇಜ್ ಸುಳ್ಳು ಹೇಳಲು ಶುರು ಮಾಡುತ್ತದೆ, ಗಡಿಯಾರ ನೋಡಿ ಇಂಧನದ ಲೆಕ್ಕ ಹಾಕಿ. ಸೆಸ್ನಾ 150ರಲ್ಲಿ 1966ರ ಮಾಡೆಲ್‌ನಿಂದ ಫ್ಲಾಪ್ (ಇಳಿಯುವಾಗ ಕೆಳಗಿಳಿಸುವ ರೆಕ್ಕೆಯ ಹಿಂಬದಿಯ ಹಲಗೆ) ಕೂಡ ಕರೆಂಟಿನಿಂದ ಓಡುತ್ತದೆ, ಅದಕ್ಕಿಂತ ಹಿಂದಿನವಕ್ಕೆ ಕೈಯಲ್ಲಿ ಎಳೆಯುವ ಲಿವರ್. ಕರೆಂಟಿನ ಫ್ಲಾಪ್ ಇದ್ದರೆ, ಇಳಿಸಿದ ಮೇಲೆ ಮತ್ತೆ ಎತ್ತಲು ಬ್ಯಾಟರಿಯಲ್ಲಿ ದಮ್ಮು ಉಳಿದಿರದೆ ಇರಬಹುದು. ಅದಕ್ಕೆ ಫ್ಲಾಪ್ ಇಲ್ಲದೆ ಇಳಿಯುವ ಲೆಕ್ಕದಲ್ಲೇ ಉದ್ದನೆಯ ರನ್‌ವೇ ಆರಿಸಿಕೊಳ್ಳಿ.

ರೇಡಿಯೊ ಗದ್ದಲ

ಹೆಡ್‌ಸೆಟ್‌ನಲ್ಲಿ ಆರ್‌ಪಿಎಂ ಜೊತೆಗೇ ಏರಿಳಿಯುವ ಕುಂಯ್ ಸದ್ದು ಬಂದರೆ ಅದು ಬ್ರಷ್ ಮತ್ತು ಕಮ್ಯುಟೇಟರಿನ ಕಿಡಿ. ಆರ್‌ಪಿಎಂಗೆ ಸಂಬಂಧ ಇಲ್ಲದ ಚಟಪಟ ಸದ್ದು ರೆಗ್ಯುಲೇಟರ್ ಪಾಯಿಂಟಿನದ್ದು. ಜನರೇಟರಿನ ಎ ಟರ್ಮಿನಲ್‌ನಲ್ಲಿರುವ ಕೆಪಾಸಿಟರ್ ಕೆಟ್ಟಿದ್ದರೆ ಬದಲಿಸಿ. ಎಫ್ ಟರ್ಮಿನಲ್‌ಗೆ ಮಾತ್ರ ಯಾವತ್ತೂ ಕೆಪಾಸಿಟರ್ ಕಟ್ಟಬೇಡಿ, ರೆಗ್ಯುಲೇಟರ್ ಪಾಯಿಂಟ್‌ಗಳು ಬೇಗನೆ ಸುಟ್ಟುಹೋಗುತ್ತವೆ.

ರಿಪೇರಿ ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಯಾವ ಪಾರ್ಟ್ ಬದಲಾಯಿತು ಅನ್ನುವುದರ ಜೊತೆಗೆ ಅಳೆದ ಅಂಕಿಗಳನ್ನೂ ಬರೆಸಿ: ನಿಂತಾಗಿನ ಬ್ಯಾಟರಿ ವೋಲ್ಟೇಜ್, 2000 ಆರ್‌ಪಿಎಂನ ಬಸ್ ವೋಲ್ಟೇಜ್, ಅರ್ತ್ ಬದಿಯಲ್ಲಿ ಕಳೆದುಹೋಗುವ ವೋಲ್ಟ್. ಮುಂದಿನ ಸಲ ಮುಳ್ಳು ಎಡಕ್ಕೆ ವಾಲಿದಾಗ ಹೋಲಿಸಿ ನೋಡಲು ಅವೇ ಬೇಕಾಗುತ್ತವೆ.